ಬಾಗಿದ ಮರದ ಫೈಲಿಗೆ ಒಂದೇ ಸಾಲಿನ ಆರ್ಡರ್ ಬರೆಯೋರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮರ ಕತ್ತರಿಸೋ ಅರ್ಜಿ ಯಾರ ಟೇಬಲ್ಲಿಗೆ ಬರುತ್ತೋ ಅವರಿಗೆ, ಅದಕ್ಕೆ ಸೈನ್ ಹಾಕೋರಿಗೆ, ಆ ಪೇಪರ್ ಹಿಡ್ಕೊಂಡು ಗರಗಸದ ಜೊತೆ ಮೇಲೆ ಹತ್ತೋರಿಗೆ, ಜೊತೆಗೆ ಮನೆ ಪಕ್ಕ ದೊಡ್ಡ ಮರ ಇದೆ, ಸ್ವಲ್ಪ ವಾಲಿದೆ, ರಾತ್ರಿ ಗಾಳಿ ಎದ್ರೆ ನಿದ್ದೆ ಬರಲ್ಲ ಅನ್ನೋ ಎಲ್ರಿಗೂ ಸೇರಿಸಿ ಬರೀತಿದೀನಿ. ಅರ್ಜಿ ಫಾರಂನಲ್ಲಿ 'ಕಾರಣ' ಅನ್ನೋ ಕಡೆ ನಾಲ್ಕು ಸಾಲಿಗೆ ಜಾಗ ಇತ್ತು, ಅಲ್ಲಿ ಹಿಡಿಸದೇ ಉಳಿದಿದ್ದೆಲ್ಲ ಇಲ್ಲಿದೆ, ಉದ್ದ ಆಯ್ತು ಅಂತ ಬೈಕೋಬೇಡಿ.

ನಮ್ಮನೆ ಮೂಲೇಲಿ ಒಂದು ನೆರಳಿನ ಮರ ಇದೆ. ಜಾತಿ ಯಾವ್ದು ಅಂತ ಬೇಕಂತಲೇ ಹೇಳ್ತಿಲ್ಲ, ಹೇಳಿದ್ರೆ ಮಾತೆಲ್ಲ ಆ ಜಾತಿ ಒಳ್ಳೇದೋ ಕೆಟ್ಟದ್ದೋ ಅನ್ನೋದ್ರ ಕಡೆಗೇ ಹೋಗುತ್ತೆ. ದೊಡ್ಡ ಮರ, ಬುಡ ಒಬ್ಬರ ತೋಳಿಗೆ ತಬ್ಬಕ್ಕೆ ಸಿಗಲ್ಲ. ಬುಡದಿಂದ ಆಳೆತ್ತರದವರೆಗೆ ಮನೆ ಕಡೆ ವಾಲ್ಕೊಂಡು ಬಂದು, ಆಮೇಲೆ ನಿಧಾನಕ್ಕೆ ಸೊಂಟ ತಿರುಗಿಸಿ ಮೇಲಕ್ಕೆ ಎದ್ದಿದೆ. ನಾನು ಚಿಕ್ಕವನಿದ್ದಾಗಿಂದ ಹಂಗೇ ಇದೆ. ಆ ಬಾಗಿನ ಮೇಲೆ ಕೂತ್ಕೊಂಡು ಓದಿದೀನಿ, ಸತ್ಯ ಹೇಳ್ಬೇಕಂದ್ರೆ ಓದಿದ್ದಕ್ಕಿಂತ ನಿದ್ದೆ ಮಾಡಿದ್ದೇ ಜಾಸ್ತಿ.

ಮೊದಲನೇ ತಪ್ಪು ನಂದೇ. ಕೆಲವು ವರ್ಷದ ಹಿಂದೆ ಒಂದು ಕೊಂಬೆ ಛಾವಣಿ ಮೇಲೆ ಉಜ್ಜಕ್ಕೆ ಶುರು ಮಾಡ್ತು, ರಾತ್ರಿ ಹೊತ್ತು ಯಾರೋ ಮೇಲೆ ಓಡಾಡಿದಂಗೆ ಸದ್ದು. ಅರ್ಜಿ ಕೊಡೋಣ ಅಂತ ಹೋದೆ. ಅಲ್ಲಿ ಲೈನಲ್ಲಿ ನಿಂತಿದ್ದೋರೊಬ್ರು, 'ಕೊಂಬೆ ಉಜ್ಜುತ್ತೆ ಅಂತ ಬರೆದ್ರೆ ಫೈಲ್ ಅಲ್ಲೇ ಮಲಗುತ್ತೆ, ಅಪಾಯಕಾರಿ ಮರ ಅಂತ ಬರೀರಿ' ಅಂದ್ರು. ಬರೆದೆ. ಫೈಲ್ ನಿಜವಾಗ್ಲೂ ಎದ್ದು ಓಡ್ತು. ಸ್ವಲ್ಪ ದಿನಕ್ಕೆ ಆರ್ಡರ್ ಬಂತು, ಒಂದೇ ಸಾಲು: 'ಬಾಗಿರುವ ಮರದ ಅಪಾಯಕಾರಿ ಭಾಗವನ್ನು ಕಟಾವು ಮಾಡುವುದು.' ಯಾವ ಭಾಗ, ಎಷ್ಟು, ಎಲ್ಲಿಗೆ ಕತ್ತರಿಸ್ಬೇಕು, ಏನೂ ಇಲ್ಲ. ಮರ ನೋಡಕ್ಕೆ ಯಾರೂ ಬಂದಿರ್ಲಿಲ್ಲ, ಬಂದಿದ್ರೂ ನಾನು ಇಲ್ಲದಾಗ ಗೇಟಿನ ಆಚೆಯಿಂದ ನೋಡ್ಕೊಂಡು ಹೋಗಿರ್ಬೇಕು.

ಆ ಒಂದು ಸಾಲಿಗೆ ಅರ್ಥ ಬರೆದಿದ್ದು ಗರಗಸ ಹಿಡಿದೋನು. ಅವನ ಮೇಲೆ ನಂಗೆ ಸಿಟ್ಟಿಲ್ಲ, ನಿಜವಾಗ್ಲೂ ಇಲ್ಲ. ಅವನಿಗೆ ಆ ದಿನ ಇನ್ನೂ ಎರಡು ಕಡೆ ಕೆಲಸ ಇತ್ತು, ಕಡಿದ ಕಟ್ಟಿಗೆ ಕಡಿದೋರಿಗೇ ಅನ್ನೋ ಮಾತು ಬೇರೆ. ಸ್ವಲ್ಪ ಯೋಚನೆ ಮಾಡಿ, ತುದೀಲಿರೋ ಹೆಬ್ಬೆರಳು ದಪ್ಪದ ರೆಂಬೆ ಐವತ್ತು ಕಡೆ ಕತ್ತರಿಸ್ಬೇಕಂದ್ರೆ ಅರ್ಧ ದಿನ ಬೇಕು, ಅದಕ್ಕೆ ಬೆಲೆನೂ ಇಲ್ಲ. ತೊಡೆ ದಪ್ಪದ ಕೊಂಬೆ ಐದು ಕಡೆ ಹಾರಿಸಿದ್ರೆ ಒಂದು ಗಂಟೆ, ಒಂದು ಲೋಡು. ನಾನೇ ಅವನಾಗಿದ್ರೂ ಐದೇ ಹಾರಿಸ್ತಿದ್ದೆ. ತಲೆ ಪೂರ್ತಿ ಬೋಳಿಸಿ, ಐದು ಮೊಂಡು ಗೂಟ ಆಕಾಶಕ್ಕೆ ತೋರಿಸ್ಕೊಂಡು ನಿಲ್ಲಿಸಿ ಹೋದ್ರು. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದು ಅಂತಾರಲ್ಲ, ಅದು. ಛಾವಣಿಗೆ ಉಜ್ಜುತ್ತಿದ್ದ ಕೊಂಬೆ? ಅದು ಕೆಳಗಿನ ಹಂತದ್ದು, ಅದನ್ನ ಮುಟ್ಟೇ ಇರ್ಲಿಲ್ಲ.

ಸರಿ, ಮರ ಸಣ್ಣ ಆಯ್ತಲ್ಲ, ಗಾಳಿಗೆ ಸಿಗಲ್ಲ, ಸೇಫ್ ಅಂತ ಅಂದ್ಕೊಂಡೆ. ಪಕ್ಕದ ಮನೆಯೋರೂ ಖುಷಿ, ಚರಂಡಿಗೆ ಎಲೆ ಬೀಳಲ್ಲ ಅಂತ. ಎರಡು ತಿಂಗಳಲ್ಲಿ ಮೊಂಡು ಸುತ್ತ ಚಿಗುರು ಪೊರಕೆ ಕಡ್ಡಿ ಥರ ಎದ್ದುಬಂತು, ನೋಡಕ್ಕೆ ಚೆನ್ನಾಗೂ ಇತ್ತು, ಮರ ಗಟ್ಟಿ ಇದೆ ನೋಡು ಅಂತ ನಾನೇ ಎಲ್ರಿಗೂ ತೋರಿಸಿದ್ದೆ. ಆ ಚಿಗುರೆಲ್ಲ ಹೊಟ್ಟೆಗಿಲ್ಲದೆ ಬಂದಿದ್ದು ಅಂತ ಆಗ ಗೊತ್ತಿರ್ಲಿಲ್ಲ. ಒಂದೇ ದಿನದಲ್ಲಿ ಎಲೆ ಎಲ್ಲಾ ಹೋದ ಮೇಲೆ ಮರ ಕೂಡಿಟ್ಟ ಪಿಷ್ಟ ಖರ್ಚು ಮಾಡಿ ಹೆಂಗಾದ್ರೂ ಎಲೆ ಹೊರಡಿಸ್ಬೇಕು, ಆ ಗಡಿಬಿಡೀಲಿ ತೊಗಟೆ ಕೆಳಗೆ ನಿದ್ದೆ ಮಾಡ್ತಿದ್ದ ಮೊಗ್ಗುಗಳೆಲ್ಲ ಒಟ್ಟಿಗೇ ಎದ್ಬಿಡುತ್ವೆ. ಅತ್ಲಾಗೆ ಬೇರಿಗೆ ಹೋಗ್ಬೇಕಾದ ಪಾಲು ಕಮ್ಮಿ ಆಗುತ್ತೆ. ವಾಲಿರೋ ಮರವನ್ನ ಹಿಡಿದು ನಿಲ್ಸಿರೋದೇ ಬೇರು, ನಾವು ಸೇಫ್ ಮಾಡೋ ಹೆಸರಲ್ಲಿ ಅದಕ್ಕೇ ಉಪವಾಸ ಹಾಕಿದ್ವಿ.

ಐದು ವರ್ಷಕ್ಕೆ ಆ ಪೊರಕೆ ಕಡ್ಡಿಗಳು ತೋಳು ದಪ್ಪ ಆಗಿ, ಮರ ಮುಂಚಿನ ಎತ್ತರಕ್ಕೇ ಬಂತು. ಆಮೇಲೆ ಒಂದು ರಾತ್ರಿ, ಅಂಥಾ ದೊಡ್ಡ ಬಿರುಗಾಳಿನೂ ಅಲ್ಲ, ಅದ್ರಲ್ಲೊಂದು ಕಿತ್ಕೊಂಡು ಬಂದು ನೀರಿನ ಟ್ಯಾಂಕ್ ಪೈಪ್ ಮುರಿದು, ಛಾವಣಿ ಅಂಚು ಒಡೆದು ಅಂಗಳಕ್ಕೆ ಬಿತ್ತು. ಬೆಳಗ್ಗೆ ಏಣಿ ಹಾಕಿ ಅದು ಕಿತ್ತು ಬಂದ ಜಾಗ ನೋಡಿದೆ. ಇದನ್ನ ನೀವೆಲ್ಲ ಒಂದ್ಸಲ ಕಣ್ಣಾರೆ ನೋಡ್ಬೇಕು. ಕೊಂಬೆ ಮುರಿದಿರ್ಲಿಲ್ಲ, ಕಳಚಿತ್ತು. ತೋಳು ದಪ್ಪದ ಕೊಂಬೆ ಹಿಡ್ಕೊಂಡಿದ್ದಿದ್ದು ಒಂದು ಬೆರಳು ಆಳಾನೂ ಇಲ್ಲದ ಪದರಕ್ಕೆ, ಗೋಡೆಗೆ ಅಂಟಿಸಿದ ಹುಕ್ ಸುಣ್ಣದ ಸಮೇತ ಎದ್ದುಬರುತ್ತಲ್ಲ ಹಂಗೆ. ಅದರ ಕೆಳಗೆ ಹಳೇ ಮೊಂಡಿನ ತಲೆ, ಕಂದು ಬಣ್ಣ, ಒದ್ದೆ, ಉಗುರಲ್ಲಿ ಒತ್ತಿದ್ರೆ ಸ್ಪಂಜಿನ ಥರ ಒಳಗೆ ಹೋಗುತ್ತೆ, ಒಂದು ಹುಳ ಬಂದು ಕೈ ಮೇಲೆ ಹತ್ತಿಕೊಳ್ತು. ಅಂದ್ರೆ ಮೇಲೆ ಹೊಸ ಭಾರ ಏರ್ತಾ ಹೋಗಿದೆ, ಕೆಳಗೆ ಅದರ ಬುಡಾನೇ ಕೊಳೀತಾ ಹೋಗಿದೆ.

ಆಮೇಲೆ ಓದಕ್ಕೆ ಶುರು ಮಾಡ್ದೆ, ಮರದ ಕೆಲಸ ಬಲ್ಲೋರೊಬ್ರನ್ನ ಕರೆಸಿ ಕೇಳ್ದೆ. ಹುಟ್ಟಿದಾಗಿಂದ ಬೆಳೆದ ಕೊಂಬೆ ಕಾಂಡದ ಒಳಗಿಂದ ಬಂದಿರುತ್ತೆ, ಪ್ರತಿ ವರ್ಷ ಕೊಂಬೆಯ ಒಂದು ಪದರ, ಅದರ ಮೇಲೆ ಕಾಂಡದ ಒಂದು ಪದರ ಹಿಂಗೆ ಒಂದರ ಮೇಲೊಂದು ಹೆಣೆದಿರುತ್ತೆ. ತಲೆ ಕಡಿದ ಮೇಲೆ ಬರೋ ಚಿಗುರಿಗೆ ಆ ಹೆಣಿಗೆ ಇಲ್ಲ, ಅದು ತೊಗಟೆ ಹತ್ತಿರದ ಮೊಗ್ಗಿಂದ ಎದ್ದಿದ್ದು. ಇನ್ನೊಂದು, ಮರದ ಗಾಯ ನಮ್ಮ ಗಾಯದ ಥರ ವಾಸಿ ಆಗಲ್ಲ. ಅಮೆರಿಕದ ಅರಣ್ಯ ಇಲಾಖೇಲಿ ಕೆಲಸ ಮಾಡ್ತಿದ್ದ ಅಲೆಕ್ಸ್ ಶೈಗೋ ಅನ್ನೋರು ಸಾವಿರಾರು ಮರಗಳನ್ನ ಚೈನ್ ಗರಗಸದಲ್ಲಿ ಉದ್ದುದ್ದಕ್ಕೆ ಸೀಳಿ ಒಳಗೆ ಕೊಳೆತ ಹೆಂಗೆ ಹರಡುತ್ತೆ ಅಂತ ನೋಡಿದ್ರು, 1977ರಲ್ಲಿ ಅದನ್ನ ಒಂದು ಮಾದರಿಯಾಗಿ ಪ್ರಕಟ ಮಾಡಿದ್ರು. ಅವರು ತೋರಿಸಿದ್ದು ಇಷ್ಟು: ಮರ ಕೆಟ್ಟ ಭಾಗ ರಿಪೇರಿ ಮಾಡಲ್ಲ, ಅದರ ಸುತ್ತ ಒಳಗೊಳಗೇ ಗೋಡೆ ಕಟ್ಟಿ ಅದನ್ನ ಅಲ್ಲಿಗೇ ಬಿಟ್ಟು, ಹೊರಗಡೆ ಕಟ್ಟಿಗೆಯ ಹೊಸ ಪದರ ಬೆಳೆಸ್ಕೊಳ್ಳುತ್ತೆ. ಆ ಗೋಡೆ ಕಟ್ಟೋ ಮೇಸ್ತ್ರಿ ಇರೋದು ಕೊಂಬೆ ಕಾಂಡ ಸೇರೋ ಕಡೆ ಕಾಣೋ ಉಬ್ಬಿನಲ್ಲಿ, ಶರ್ಟಿನ ಕಾಲರ್ ಥರ ಸುಕ್ಕಾಗಿರುತ್ತಲ್ಲ, ಅಲ್ಲಿ. ಆ ಕಾಲರಿಗೆ ತಾಗಿದಂಗೆ, ಆದ್ರೆ ಅದನ್ನ ಬಿಟ್ಟು ಆಚೆ ಕತ್ತರಿಸಿದ್ರೆ ಮರ ತಾನೇ ಮುಚ್ಕೊಳ್ಳುತ್ತೆ. ನೀಟಾಗಿ ಕಾಣ್ಲಿ ಅಂತ ಕಾಂಡಕ್ಕೆ ಸಪಾಟಾಗಿ ಕತ್ತರಿಸಿದ್ರೆ ಮೇಸ್ತ್ರಿನೇ ಹೋದ. ಗೇಣುದ್ದ ಮೊಂಡು ಬಿಟ್ರೆ ಆ ಮೊಂಡು ಸತ್ತು, ಕೊಳೆತ ಅದರ ಮೂಲಕಾನೇ ಒಳಗೆ ಇಳಿಯುತ್ತೆ. ಬಣ್ಣ, ಟಾರು ಬಳಿಯೋದಂತೂ ನಮ್ಮ ಸಮಾಧಾನಕ್ಕೆ ಅಷ್ಟೇ, ಅದರಿಂದ ಕೊಳೆತ ನಿಲ್ಲಲ್ಲ ಅಂತ ಅವರೇ ತೋರಿಸಿದಾರೆ. ಆದ್ರೂ ನಮ್ಮ ಮರದ ಮೊಂಡುಗಳಿಗೆ ಕೆಂಪು ಬಣ್ಣ ಬಳಿದು, ಫೋಟೋ ತೆಗೆದು, 'ಕಾಮಗಾರಿ ಪೂರ್ಣ' ಅಂತ ಫೈಲಿಗೆ ಹಚ್ಚಿದ್ರು.

ಈಗ ವಾಲೋ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಿಮ್ಮ ಆರ್ಡರ್ ಶುರುವಾಗೋದೇ 'ಬಾಗಿರುವ' ಅನ್ನೋ ಪದದಿಂದ. ಮರದ ಕೆಲಸ ಬಲ್ಲೋರು ಬಂದಾಗ ನಾನು ಮೇಲೆ ಕೈ ತೋರಿಸ್ತಿದ್ದೆ, ಅವರು ತಲೆ ಎತ್ತಲೇ ಇಲ್ಲ. ಬಗ್ಗಿ ಬುಡ ನೋಡಿದ್ರು, ಅದೂ ವಾಲಿರೋ ಕಡೆ ಅಲ್ಲ, ಅದರ ಬೆನ್ನಿನ ಕಡೆ. ಅಲ್ಲಿ ಮಣ್ಣು ಉಬ್ಬಿದ್ಯಾ, ಬಿರುಕು ಬಿಟ್ಟಿದ್ಯಾ, ಬೇರು ಮೇಲೆ ಎದ್ದಿದ್ಯಾ, ಗಾಳಿ ಬಂದಾಗ ಬುಡದ ಮಣ್ಣು ಉಸಿರಾಡಿದಂಗೆ ಏಳುತ್ತಾ. ಅವೆಲ್ಲ ಇದ್ರೆ, ಅಥವಾ ಮೊನ್ನೆ ನೆಟ್ಟಗಿದ್ದ ಮರ ಇವತ್ತು ವಾಲಿದ್ರೆ, ಆಗ ಕೊಂಬೆಯ ಮಾತೇ ಇಲ್ಲ, ಆ ಮರ ಬೀಳ್ತಾ ಇದೆ ಅಂತ ಅರ್ಥ, ಕೆಳಗೆ ಇರೋರನ್ನ ಎಬ್ಬಿಸಿ. ಅಂಥಾ ಮರ ಉಳಿಸಿ ಅಂತ ನಾನಂತೂ ಬೋರ್ಡ್ ಹಿಡ್ಕೊಂಡು ನಿಲ್ಲಲ್ಲ. ಆದ್ರೆ ನಮ್ಮ ಮರದ ಥರ ಚಿಕ್ಕಂದಿನಿಂದ ವಾಲಿ, ಆಮೇಲೆ ತಿರುಗಿ ನೆಟ್ಟಗೆ ಎದ್ದ ಮರದ ಕಥೆ ಬೇರೆ. ಆ ತಿರುವೇ ಸಾಕ್ಷಿ, ವಾಲಿದ ಮೇಲೂ ಅಷ್ಟು ವರ್ಷ ಬೆಳೆದಿದೆ ಅಂತ. ಎಲೆ ಅಗಲ ಇರೋ ಜಾತಿ ಮರಗಳು ವಾಲಿದಾಗ ಮೇಲ್ಗಡೆ, ಅಂದ್ರೆ ಬೆನ್ನಿನ ಕಡೆ, ಎಳೆದು ಹಿಡಿಯೋ ಬೇರೆ ಥರದ ಕಟ್ಟಿಗೆ ಬೆಳೆಸುತ್ವೆ, ಹಗ್ಗ ಬಿಗಿದಂಗೆ. ಪೈನ್ ಥರದ ಸೂಜಿ ಎಲೆ ಮರಗಳಾದ್ರೆ ಉಲ್ಟಾ, ಕೆಳಗಡೆಯಿಂದ ತಳ್ಳಿ ಹಿಡಿಯುತ್ವೆ. ಹಿಂಗೆ ದಶಕಗಟ್ಟಲೆ ಲೆಕ್ಕ ಹಾಕ್ಕೊಂಡು ನಿಂತಿರೋ ಮರದ ಹತ್ರ ನಾವು ಹೋಗಿ ಯಾವುದೋ ಒಂದು ಕಡೆ ಭಾರ ಇಳಿಸಿ ಬರ್ತೀವಿ.

ಅದ್ರಲ್ಲೂ ಯಾವ ಕಡೆ ಇಳಿಸ್ತೀವಿ ನೋಡಿ. ಕತ್ತರಿಸೋರಿಗೆ ಸುಲಭ ಇರೋದು ಖಾಲಿ ಜಾಗದ ಕಡೆ, ಕೆಳಗೆ ಮನೆ ಇಲ್ಲ, ಹಗ್ಗ ಕಟ್ಟಿ ಇಳಿಸೋ ತಾಪತ್ರಯ ಇಲ್ಲ, ಹೊಡೆದು ಬೀಳಿಸಿದ್ರೆ ಆಯ್ತು. ಆದ್ರೆ ಮನೆ ಕಡೆ ವಾಲಿರೋ ಮರಕ್ಕೆ ಆಚೆ ಕಡೆಯ ಕೊಂಬೆಗಳೇ ತಕ್ಕಡಿಯ ಇನ್ನೊಂದು ತಟ್ಟೆ. ಆ ತಟ್ಟೆ ಖಾಲಿ ಮಾಡಿ, ಈ ತಟ್ಟೆ ಹಂಗೇ ಬಿಟ್ಟು ಹೋದ್ರೆ, ಕಟಾವು ಆದ ಮೇಲೆ ಮರ ಮುಂಚೆಗಿಂತ ಜಾಸ್ತಿ ಮನೆ ಕಡೆ ಎಳೀತಿರುತ್ತೆ. ನಮ್ಮನೇಲಿ ಎರಡನೇ ಅರ್ಜಿಗೆ ಕತ್ತರಿಸಕ್ಕೆ ಬಂದಾಗ ಆಗ್ತಿದ್ದಿದ್ದು ಅದೇ, ಪುಣ್ಯಕ್ಕೆ ನಾನು ಮನೇಲಿದ್ದೆ, ಜಗಳ ಮಾಡಿ ಹತ್ತಿದೋರನ್ನ ಕೆಳಗಿಳಿಸಿದೆ. ಬೀದಿಯವರ ಕಣ್ಣಲ್ಲಿ ಈಗ ನಾನೇ ಕೆಲಸ ನಿಲ್ಲಿಸಿದ ಕೆಟ್ಟೋನು.

ಬೇಕಾಗಿರೋದು ಏನಪ್ಪ ಅಂದ್ರೆ ವಾಲಿರೋ ಕಡೆಯ ಉದ್ದ ಕೊಂಬೆಗಳ ತುದಿ ಭಾರ ಇಳಿಸೋದು. ತುದಿ ಅಂದ್ರೆ ತುದಿ. ಶಾಲೇಲಿ ಸನ್ನೆಗೋಲು ಅಂತ ಕಲ್ತಿದ್ವಲ್ಲ ಅದೇ ಲೆಕ್ಕ, ಭಾರ ಎಷ್ಟು ದೂರ ಇದೆಯೋ ಬುಡದ ಮೇಲೆ ಅಷ್ಟು ಎಳೆತ. ಒಂದು ಅಡ್ಡ ಕೊಂಬೆ ಉದ್ದಕ್ಕೂ ಒಂದೇ ತೂಕ ಅಂತ ಇಟ್ಕೊಂಡು ಲೆಕ್ಕ ಹಾಕಿ, ತುದಿಯ ಕಾಲು ಭಾಗ ತೆಗೆದ್ರೆ ಅದರ ಬುಡದ ಮೇಲಿನ ಎಳೆತ ಸುಮಾರು 44% ಇಳಿಯುತ್ತೆ, ಕೊಂಬೆ ಮಾತ್ರ ಮುಕ್ಕಾಲು ಅಲ್ಲೇ ಇರುತ್ತೆ, ನೆರಳೂ ಇರುತ್ತೆ. ನಿಜವಾದ ಕೊಂಬೆ ತುದಿಗೆ ಹೋಗ್ತಾ ಸಣ್ಣ ಆಗುತ್ತೆ, ಆದ್ರೆ ಎಲೆ ಎಲ್ಲಾ ತುದೀಲೇ, ಗಾಳಿ ಹಿಡಿಯೋದೂ ಅಲ್ಲೇ. ಗಾಳಿ ವೇಗ ಡಬಲ್ ಆದ್ರೆ ಅದು ತಳ್ಳೋ ಬಲ ನಾಲ್ಕು ಪಟ್ಟು, ಎಲೆ ರೆಂಬೆ ಮಡಚಿಕೊಳ್ಳೋದ್ರಿಂದ ಮರಕ್ಕೆ ಸ್ವಲ್ಪ ರಿಯಾಯಿತಿ ಇರುತ್ತೆ ಅಷ್ಟೇ. ಆ ತುದಿಯನ್ನೂ ಎಲ್ಲಂದ್ರಲ್ಲಿ ಕತ್ತರಿಸೋ ಹಾಗಿಲ್ಲ, ಒಂದು ಪಕ್ಕದ ಕವಲು ಹುಡುಕಿ, ಆ ಕವಲು ತೆಗೀತಿರೋ ಕೊಂಬೆಯ ದಪ್ಪದ ಮೂರನೇ ಒಂದು ಭಾಗಕ್ಕಿಂತ ಸಣ್ಣ ಇರಬಾರ್ದು, ಅಲ್ಲಿಗೆ ಕತ್ತರಿಸಿದ್ರೆ ಅದು ಹೊಸ ತುದಿ ಆಗಿ ಮುಂದುವರಿಯುತ್ತೆ, ಪೊರಕೆ ಏಳಲ್ಲ.

ಇನ್ನು ಕೆಲವರು ಇದಕ್ಕೆ ಉಲ್ಟಾ ಮಾಡ್ತಾರೆ, 'ಗಾಳಿ ಆಡ್ಲಿ' ಅಂತ ಒಳಗಿನ ಸಣ್ಣ ರೆಂಬೆ ಎಲ್ಲ ಸವರಿ ತುದೀಲಿ ಮಾತ್ರ ಒಂದು ಗೊಂಚಲು ಬಿಡ್ತಾರೆ, ಸಿಂಹದ ಬಾಲ ಇದ್ದಂಗೆ. ನೋಡಕ್ಕೆ ಕ್ಲೀನ್. ಆದ್ರೆ ಭಾರ ಎಲ್ಲ ತುದೀಲೇ ಉಳೀತು. ಒಳಗಿನ ರೆಂಬೆಗಳು ಗಾಳಿಗೆ ತಮ್ಮ ಪಾಡಿಗೆ ತಾವು ಬೇರೆ ಬೇರೆ ಲಯದಲ್ಲಿ ಅಲ್ಲಾಡಿ ದೊಡ್ಡ ಕೊಂಬೆಯ ತೂಗಾಟ ಕಮ್ಮಿ ಮಾಡ್ತಿದ್ವು, ಅದೂ ಹೋಯ್ತು.

ಪೊಳ್ಳು ಮರ ಅಂತ ಹೆದರ್ಸೋರಿಗೂ ಒಂದು ಲೆಕ್ಕ. ಕಾಂಡದ ಅಗಲದಲ್ಲಿ ಅರ್ಧದಷ್ಟು ಮಧ್ಯದಲ್ಲಿ ಪೊಳ್ಳಾಗಿದ್ರೂ, ಸುತ್ತಲಿನ ಗೋಡೆ ಗಟ್ಟಿ ಇದ್ದು ಬಿರುಕು ಇಲ್ಲ ಅಂದ್ರೆ, ಬಾಗೋದನ್ನ ತಡ್ಕೊಳ್ಳೋ ಶಕ್ತಿ ಕಮ್ಮಿ ಆಗೋದು ಸುಮಾರು 6% ಅಷ್ಟೇ, ಸೈಕಲ್ ಫ್ರೇಮ್ ಪೈಪು ಪೊಳ್ಳಿರೋದೂ ಇದೇ ಕಾರಣಕ್ಕೆ. ಹಂಗಂತ ಎಲ್ಲಾ ಪೊಳ್ಳೂ ಸೇಫ್ ಅಲ್ಲ, ಬುಡದಲ್ಲಿ ಅಣಬೆ ಎದ್ದಿದ್ರೆ, ಉದ್ದುದ್ದ ಬಿರುಕು ಇದ್ರೆ, ಪೊಳ್ಳು ಒಂದೇ ಕಡೆಗೆ ತೆರ್ಕೊಂಡಿದ್ರೆ ಕಥೆ ಬೇರೆ. ಅದನ್ನ ಹೇಳಕ್ಕೆ ಒಬ್ರು ಬಂದು ಸುತ್ತಿಗೇಲಿ ಬಡಿದು ನೋಡ್ಬೇಕು, ಟೇಬಲ್ ಹತ್ರ ಕೂತ್ಕೊಂಡು ಫೋಟೋ ನೋಡಿ ಆಗಲ್ಲ.

ಬುಡದ ಬಗ್ಗೆ ಮಾತಾಡ್ತಾ ಇನ್ನೊಂದು ತಪ್ಪು ಒಪ್ಕೊಂಡ್ಬಿಡ್ತೀನಿ. ಗಾಡಿ ನಿಲ್ಸಕ್ಕೆ ಅಂತ ಬುಡದವರೆಗೂ ಸಿಮೆಂಟ್ ಹಾಕ್ಸಿದ್ದು ನಾವೇ. ದೊಡ್ಡ ಮರದ ಬೇರು ಪಾತಾಳಕ್ಕೆ ಇಳಿದಿರುತ್ತೆ ಅಂತ ನಂಬಿದ್ವಿ, ಆದ್ರೆ ಹೆಚ್ಚಿನ ಬೇರೆಲ್ಲ ಮೇಲಿನ ಮೊಣಕಾಲುದ್ದ ಮಣ್ಣಲ್ಲೇ ಇರುತ್ತೆ, ಕೊಂಬೆ ಹರಡಿರೋದಕ್ಕಿಂತ ಆಚೆವರೆಗೂ ಹೋಗಿರುತ್ತೆ. ಪೈಪಿಗೆ, ಕೇಬಲ್ಲಿಗೆ ಅಂತ ಬುಡದ ಪಕ್ಕ ಟ್ರೆಂಚ್ ತೋಡೋರು ಬೆನ್ನಿನ ಕಡೆಯ ಬೇರು ಕಡಿದು ಹೋದ್ರೆ, ಹಗ್ಗ ಕಟ್ಟಿ ನಿಲ್ಸಿದ ಗುಡಾರದ ಹಗ್ಗಾನೇ ಕೊಯ್ದಂಗೆ. ಆ ಟ್ರೆಂಚಿಗೂ ಪರ್ಮಿಷನ್ ಕೊಡೋದು ಆಫೀಸೇ, ಮರದ ಸೆಕ್ಷನ್ನಿಗೆ ಒಂದು ಮಾತು ಹೇಳದೇನೇ. ನಮ್ಮ ಸಿಮೆಂಟು ಬುಡದ ಸುತ್ತ ಒಡೆಸಿದೀನಿ, ಗಾಡಿ ಈಗ ಬಿಸಿಲಲ್ಲಿ ನಿಲ್ಲುತ್ತೆ, ಹೆಂಡತಿ ಹತ್ರ ಬೈಸ್ಕೊಳ್ಳೋದು ಇನ್ನೂ ಮುಗಿದಿಲ್ಲ.

ಇಷ್ಟೆಲ್ಲ ಹೇಳಿ ನಾನು ಕೇಳೋದು ದೊಡ್ಡದೇನಲ್ಲ. ಹೊಸ ಕಾನೂನು ಬೇಡ, ಕಮಿಟಿ ಬೇಡ. ಆ ಒಂದು ಸಾಲಿನ ಆರ್ಡರ್ ಇದ್ಯಲ್ಲ, ಅದನ್ನ ನಾಲ್ಕು ಸಾಲು ಮಾಡಿ. 'ಅಪಾಯಕಾರಿ ಭಾಗ' ಅಂತ ಬರೆಯೋ ಬದಲು ಹಿಂಗೆ ಬರೀರಿ: 'ನೆಲದಿಂದ ಸುಮಾರು 5 ಮೀಟರ್ ಎತ್ತರದಲ್ಲಿ ಹೊರಟು ಛಾವಣಿ ಮೇಲೆ ಬಂದಿರುವ ಕೊಂಬೆಯ ತುದಿ 2 ಮೀಟರ್, ಪಕ್ಕದ ಕವಲಿನವರೆಗೆ. ಕಡಿತದ ಜಾಗದ ವ್ಯಾಸ 10 ಸೆಂ.ಮೀ. ಮೀರಬಾರದು. ಒಣ ಕೊಂಬೆಗಳು ಪೂರ್ತಿ. ಆಚೆ ಕಡೆಯ ಕೊಂಬೆ ಮುಟ್ಟಬಾರದು. ತಲೆ ಕಡಿಯಬಾರದು.' ಅಷ್ಟೇ. ಇಷ್ಟು ಬರೆದಿದ್ರೆ ಗರಗಸ ಹಿಡಿದೋನಿಗೂ ಗೊತ್ತಾಗುತ್ತೆ, ನನಗೂ ಕೆಳಗೆ ನಿಂತು ಲೆಕ್ಕ ಕೇಳಕ್ಕೆ ಒಂದು ಪೇಪರ್ ಇರುತ್ತೆ. ಇದನ್ನ ಬರೀಬೇಕಂದ್ರೆ ಒಬ್ರು ಬಂದು ಮರ ನೋಡ್ಲೇಬೇಕಾಗುತ್ತೆ, ನಿಜ ಹೇಳ್ಬೇಕಂದ್ರೆ ನಂಗೆ ಬೇಕಿರೋದೂ ಅದೇ. ಒಂದು ಸಲಕ್ಕೆ ಎಲೆಯ ಕಾಲು ಭಾಗಕ್ಕಿಂತ ಜಾಸ್ತಿ ತೆಗೀಬಾರ್ದು ಅನ್ನೋದು ಈ ಕೆಲಸದವರ ಹಳೇ ಲೆಕ್ಕ, ವಯಸ್ಸಾದ ಮರಕ್ಕೆ ಅದಕ್ಕಿಂತ ಕಮ್ಮಿ. ಜಾಸ್ತಿ ಇಳಿಸ್ಬೇಕು ಅಂದ್ರೆ ಎರಡು ಮೂರು ವರ್ಷಕ್ಕೆ ಹಂಚಿ. ಗೂಡಲ್ಲಿ ಮರಿ ಇರೋ ಕಾಲ, ಹೊಸ ಎಲೆ ಬಿಚ್ಕೊಳ್ತಿರೋ ಕಾಲ ಬಿಟ್ಟು ಬೇರೆ ಸಮಯ ನೋಡಿ, ಒಣಗಿದ ಕೊಂಬೆಗೆ ಮಾತ್ರ ಕಾಲ ನೋಡೋದು ಬೇಡ.

ಹತ್ತೋರಿಗೆ ಎರಡು ಮಾತು. ದಪ್ಪ ಕೊಂಬೆ ಮೇಲಿಂದ ಒಂದೇ ಏಟಿಗೆ ಕತ್ತರಿಸಿದ್ರೆ ಅರ್ಧ ಕತ್ತರಿಸೋದ್ರೊಳಗೆ ಅದು ಬಾಗಿ ಕಾಂಡದ ತೊಗಟೆ ಉದ್ದಕ್ಕೆ ಸೀಳ್ಕೊಂಡು ಹೋಗುತ್ತೆ, ನಿಮಗೆ ಗೊತ್ತಿರೋದೇ. ಕಾಂಡದಿಂದ ಒಂದು ಮೊಳ ಆಚೆ ಕೆಳಗಿಂದ ಮೂರನೇ ಒಂದು ಭಾಗ ಕೊಯ್ದು, ಅದಕ್ಕಿಂತ ಸ್ವಲ್ಪ ಆಚೆ ಮೇಲಿಂದ ಕೊಯ್ದು ಭಾರ ಬೀಳ್ಸಿ, ಆಮೇಲೆ ಉಳಿದ ಗೂಟ ಕಾಲರ್ ಆಚೆ ತೆಗೀರಿ, ಹತ್ತು ನಿಮಿಷ ಜಾಸ್ತಿ. ಕಾಲಿಗೆ ಹತ್ತೋ ಕಬ್ಬಿಣದ ಮುಳ್ಳು ಕಟ್ಕೊಂಡು ಬದುಕಿರೋ ಮರ ಹತ್ತಬೇಡಿ, ಪ್ರತಿ ಹೆಜ್ಜೆಗೂ ಒಂದು ತೂತು. ತಂತಿ ಹತ್ರ ಇದ್ರೆ ಲೈನ್ ಆಫ್ ಆಗಿದೆ ಅಂತ ಖಾತ್ರಿ ಆಗೋವರೆಗೂ ಯಾರು ಏನೇ ಅವಸರ ಮಾಡಿದ್ರೂ ಕೆಳಗೇ ನಿಂತಿರಿ. ಮನೆಯೋರೇ, ನೀವಂತೂ ಏಣಿ ಹಾಕಿ ಚೈನ್ ಗರಗಸ ಹಿಡೀಲೇಬೇಡಿ, ನಾನು ಏಣಿ ಹತ್ತಿದ್ದು ಬರೀ ನೋಡಕ್ಕೆ.

ಪಕ್ಕದ ಮನೆಯೋರಿಗೆ, ನೀವೂ ಓದ್ತೀರ ಅಂತ ಗೊತ್ತು. ಎಲೆ ಬೀಳೋದು ನಿಜ, ಚರಂಡಿ ಕಟ್ಟೋದು ನಿಜ, ಶನಿವಾರ ಬೆಳಗ್ಗೆ ನಾನೇ ಗುಡಿಸ್ತಿದೀನಿ, ಇನ್ಮುಂದೆನೂ ಗುಡಿಸ್ತೀನಿ. ನಿಮ್ಮ ಭಯಾನೂ ಸುಳ್ಳಲ್ಲ, ಆ ರಾತ್ರಿ ಕೊಂಬೆ ಬಿದ್ದಾಗ ನಿಮ್ಮನೆ ಲೈಟೂ ಹತ್ತಿತ್ತು. ಆದ್ರೆ ಅವತ್ತು ಬಿದ್ದಿದ್ದು ಹಳೇ ಕೊಂಬೆ ಅಲ್ಲ, ತಲೆ ಕಡಿದಿದ್ದಕ್ಕೆ ಬಂದ ಕೊಂಬೆ, ಅದೊಂದು ನೆನಪಿಟ್ಕೊಂಡು ಇನ್ನೊಂದ್ಸಲ 'ಪೂರ್ತಿ ತಲೆ ತೆಗೆಸಿ' ಅಂತ ಅರ್ಜಿ ಬರೀರಿ.

ಮೂರನೇ ಅರ್ಜಿ ನಿಮ್ಮಲ್ಲೇ ಇದೆ ಮಾನ್ಯರೇ. ಈ ಸಲ 'ಅಪಾಯಕಾರಿ' ಅಂತ ಬರೆದಿಲ್ಲ, ಅದಕ್ಕೇ ಮಲಗಿದೆಯೋ ಏನೋ. ಯಾವ ಕೊಂಬೆ, ಎಲ್ಲಿಗೆ ಅಂತ ಫೋಟೋ ಮೇಲೆ ಗೆರೆ ಹಾಕಿ ಹಚ್ಚಿದೀನಿ. ಕಾಂಡದ ಬಾಗು ಮುಗಿಯೋ ಜಾಗದಿಂದ ಒಂದು ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟಿದೀನಿ, ಅದರ ಕೆಳಗೆ ಒಂದು ಕಲ್ಲು ಹೂತು ಗುರುತು ಹಾಕಿದೀನಿ, ತಿಂಗಳ ಮೊದಲ ಭಾನುವಾರ ಗಾಳಿ ಇಲ್ಲದ ಹೊತ್ತಲ್ಲಿ ನೋಡಿ ಬರೆದಿಡ್ತೀನಿ. ಹದಿನಾಲ್ಕು ತಿಂಗಳಿಂದ ನಟ್ಟು ಆ ಗುರುತಿನ ಮೇಲೇ ಇದೆ. ನೋಟ್‌ಬುಕ್ ಬಾಗಿಲ ಪಕ್ಕ ನೇತಾಕಿದೀನಿ, ಗೇಟಿಗೆ ಬೀಗ ಇಲ್ಲ, ನಾನು ಇಲ್ಲದಿದ್ರೂ ಒಳಗೆ ಬಂದು ನೋಡ್ಬಹುದು. ಬೆನ್ನಿನ ಕಡೆಯಿಂದ ನೋಡಿ.

ಇಂತಿ,
ಆ ಮರದ ಕೆಳಗಿನ ಮನೆಯೋನು